ರೇವಿನ ಕಾವಲೂ ಅತಿಥಿ ಸತ್ಕಾರವೂ

ಹೇಮಾವತಿಯ ಸೀಮೆಯಲ್ಲಿರುವ ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡುಗಳ ಮಹಾಜನರಿಗೆ ಸಮುದ್ರದ ರೇವಿನ ಕಾವಲಿನ ಚಿಂತೆ ಏತಕ್ಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಕಾರಣವುಂಟು. 2023ನೆಯ ಇಸವಿಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮಳೆಗಾಲ ಕಳೆದ ಮೇಲೆ ಹೊರದೇಶದ ವಿಹಾರನೌಕೆಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತವೆ. ಬೆಳಗ್ಗೆ ಬಂದ ನೌಕೆ ಸಂಜೆಗೆ ಹೊರಡುವುದು ವಾಡಿಕೆಯಾದುದರಿಂದ ಯಾತ್ರಿಕರು ಮೂಡಬಿದಿರೆಯ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಕಂಡು ಹಿಂದಿರುಗುವರು. ಅದಕ್ಕಿಂತ ನಾಲ್ಕು ಶತಮಾನಗಳಿಗೂ ಹಿರಿಯನಾದ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಗೊಮ್ಮಟನು ಘಟ್ಟದ ಮೇಲೆಯೇ ಉಳಿಯುವನು.

ಬೇಲೂರಿಗೆ ಮಂಗಳೂರಿನಿಂದ ಸುಮಾರು 150 ಕಿಲೋಮೀಟರು, ಅದೂ ಘಟ್ಟದ ದಾರಿ. ಆದುದರಿಂದ ರೇವಿನ ಬಾಗಿಲಿನಲ್ಲಿ ಕಳೆಯುವ ಒಂದೊಂದು ಗಂಟೆಯೂ ನಮ್ಮ ಜಿಲ್ಲೆಯ ನಷ್ಟವೇ ಸರಿ. ಹಾಗೆಂದು ತಪಾಸಣೆಯನ್ನು ಸಡಿಲಿಸಿರೆಂದು ಹೇಳುವವರು ನಾವಲ್ಲ. 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ಈ ರೇವು ಉಲ್ಲಾಸಕ್ಕಾಗಿ ಕಟ್ಟಿದುದಲ್ಲ. ಕಚ್ಚಾ ಎಣ್ಣೆ, ಅಡಿಗೆ ಅನಿಲ, ಕಲ್ಲಿದ್ದಲುಗಳ ಹಡಗುಗಳು ಬರುವ ಸ್ಥಳ. ಮಂಗಳೂರಿನಿಂದ ಘಟ್ಟವೇರಿ ಹಾಸನದ ಮಾರ್ಗವಾಗಿ ಸಾಗುವ ಎಣ್ಣೆಯ ಕೊಳವೆಗೂ ಅನಿಲದ ಕೊಳವೆಗೂ ಮೂಲವು ಆ ಕಡೆಯೇ ಇದೆ. ಅಂಥ ಹಡಗುಗಳ ನೆರೆಯಲ್ಲಿ ನೂರಾರು ಮಂದಿ ವೃದ್ಧ ದಂಪತಿಗಳನ್ನು ಹೊತ್ತ ನೌಕೆ ನಿಲ್ಲುವಾಗ ಕಾವಲು ಬಿಗಿಯಾಗಿರಲೇಬೇಕು.

1985ರಲ್ಲಿ ಅಕಿಲೆ ಲಾರೊ ಎಂಬ ಇಟಲಿಯ ವಿಹಾರನೌಕೆಯನ್ನು ಅಪಹರಿಸಿದವರು ಗಾಲಿಕುರ್ಚಿಯಲ್ಲಿದ್ದ ಒಬ್ಬ ಯಾತ್ರಿಕನನ್ನು ಕೊಂದರು. ಅಮೆರಿಕದಲ್ಲಿ 2001ರ ಅನಾಹುತವಾದ ತರುವಾಯ ಅಂತರರಾಷ್ಟ್ರೀಯ ನೌಕಾಸಂಸ್ಥೆಯವರು ಹಡಗು ಮತ್ತು ರೇವುಗಳ ರಕ್ಷಣಾಸಂಹಿತೆಯನ್ನು ರಚಿಸಿ, 2004ರ ಜುಲೈ 1ರಿಂದ ಜಾರಿಗೆ ತಂದರು. ಅದರಂತೆ ಹಡಗಿಗೊಬ್ಬ, ರೇವಿಗೊಬ್ಬ ರಕ್ಷಣಾಧಿಕಾರಿ. ಅಪಾಯಕ್ಕೆ ತಕ್ಕಂತೆ ಏರಿಸುವ ಮೂರು ಹಂತದ ಎಚ್ಚರಿಕೆ. ಈ ಸಂಹಿತೆಯನ್ನು ಪಾಲಿಸದ ರೇವಿಗೆ ಯಾವ ಕಂಪೆನಿಯು ತನ್ನ ಯಾತ್ರಿಕರನ್ನು ಕಳುಹಿಸೀತು? ಕಾವಲಿದ್ದರೆ ಅತಿಥಿಗಳು ಬೆದರುವರೆಂಬ ಮಾತು ನಿರಾಧಾರವಾದುದು.

ನಮ್ಮವರು ಬಾಗಿಲಿನ ಕಡೆಗೇ ನೋಡುತ್ತಾರೆ. ಅಪಾಯವು ನೀರಿನ ಕಡೆಯಿಂದ ಬರುವುದೇ ಹೆಚ್ಚು. 2000ನೆಯ ಇಸವಿಯಲ್ಲಿ ಏಡನ್ ರೇವಿನಲ್ಲಿ ಅಮೆರಿಕದ ಯುದ್ಧನೌಕೆಯ ಪಕ್ಕವನ್ನು ಸೀಳಿ 17 ಮಂದಿ ನಾವಿಕರನ್ನು ಕೊಂದುದು ಸಿಡಿಮದ್ದು ತುಂಬಿದ ಒಂದು ಚಿಕ್ಕ ದೋಣಿ. 2008ರ ನವೆಂಬರ್ 26ರಂದು ಮುಂಬಯಿಗೆ ಬಂದ ಹತ್ತು ಮಂದಿ ಘಾತುಕರು ಗುಜರಾತಿನ ಮೀನುಗಾರರ ದೋಣಿಯನ್ನೇ ಅಪಹರಿಸಿಕೊಂಡು ಬಂದಿದ್ದರು. ಅವರು ದಡಕ್ಕಿಳಿದುದು ಬೆಸ್ತರ ಕೇರಿಯಲ್ಲಿ, ಅಪರಿಚಿತರೆಂದು ಅವರನ್ನು ಮೊದಲು ವಿಚಾರಿಸಿದವರೂ ಬೆಸ್ತರೇ. ತರುವಾಯ ಮೀನುಗಾರರಿಗೆ ಗುರುತಿನ ಚೀಟಿ ಬಂದಿತು. ನಮ್ಮ ಕರಾವಳಿ ಕಾವಲು ಪೊಲೀಸಿನವರ ಮುಖ್ಯ ಕಚೇರಿ ಮಲ್ಪೆಯಲ್ಲಿದೆ. ಆದರೆ ಚೀಟಿಯನ್ನು ಕೇಳುವ ಅಧಿಕಾರಿಗೆ ಮೊಗವೀರರ ಸ್ನೇಹವಿಲ್ಲದಿದ್ದರೆ ಚೀಟಿಯಿಂದೇನು ಫಲ? ನೌಕೆ ಬಂದ ದಿನ ಅವರನ್ನು ಅಟ್ಟಿ ದೂರವಿಡುವುದಕ್ಕಿಂತ, ಅದರ ಬರವನ್ನು ಮುಂಚಿತವಾಗಿ ತಿಳಿಸಿ, ಅವರ ದೃಷ್ಟಿಯನ್ನೇ ಕಾವಲಿಗೆ ಸೇರಿಸಿಕೊಳ್ಳುವುದು ಯುಕ್ತ. ಅವರಿಗೆ ಅಲ್ಲಿಯ ಪ್ರತಿಯೊಂದು ದೋಣಿಯೂ ಪರಿಚಿತ. ಬಾಗಿಲಲ್ಲಿ ನಿಂತ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಜವಾನನಿಗೆ ಅದು ಸಾಧ್ಯವಿಲ್ಲ.

ರೋಗದ ಕಾವಲೂ ಇದರಲ್ಲಿಯೇ ಸೇರಿದುದು. 2020ರ ಮಾರ್ಚ್ ತಿಂಗಳಲ್ಲಿ ಎಮ್ಮೆಸ್ಸಿ ಲಿರಿಕಾ ಎಂಬ ನೌಕೆಗೆ ಕೊರೋನಾದ ಭೀತಿಯಿಂದ ಪಣಂಬೂರಿನಲ್ಲಿ ಪ್ರವೇಶ ದೊರೆಯಲಿಲ್ಲ. ಯೊಕೊಹಾಮದಲ್ಲಿ ಡೈಮಂಡ್ ಪ್ರಿನ್ಸೆಸ್ ನೌಕೆಯ 700ಕ್ಕೂ ಮೇಲ್ಪಟ್ಟ ಜನರಿಗೆ ಸೋಂಕು ತಗುಲಿದ್ದ ಕಾಲದಲ್ಲಿ ಅದನ್ನು ತಪ್ಪೆನ್ನಲಾಗದು.

ಇನ್ನು ಗಂಟೆಗಳ ಮಾತು. ಇ-ವೀಸಾ ಪಡೆದವರು ಇಳಿಯಬಹುದಾದ ರೇವುಗಳಲ್ಲಿ ಮಂಗಳೂರೂ ಒಂದು. ಆದರೂ ರಹದಾರಿ, ಸುಂಕ, ಆರೋಗ್ಯ, ಭದ್ರತೆಗಳ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಕಾಗದ ನೋಡುವ ಪದ್ಧತಿಯಾದರೆ ಹೊತ್ತು ಏರುವುದು. ಗೋವೆಯಿಂದಲೋ ಕೊಚ್ಚಿಯಿಂದಲೋ ನೌಕೆ ಹೊರಟಾಗಲೇ ಅಧಿಕಾರಿಗಳು ಅದನ್ನೇರಿ, ಹಾದಿಯಲ್ಲಿಯೇ ಕಾಗದಪತ್ರಗಳನ್ನು ಮುಗಿಸಬಾರದೇಕೆ? ಕೇಂದ್ರ ಸರ್ಕಾರದವರು 2024ರಲ್ಲಿ ಆರಂಭಿಸಿದ ಕ್ರೂಸ್ ಭಾರತ್ ಯೋಜನೆಯ ಅವಧಿ 2029ರ ಮಾರ್ಚ್ ಕೊನೆಯವರೆಗೆ ಇದೆ. ಅಷ್ಟರೊಳಗೆ ನೌಕೆಯೊಂದು ಪಣಂಬೂರಿನಲ್ಲಿ ಒಂದು ರಾತ್ರಿ ತಂಗುವಂತಾದರೆ, ಸೂರ್ಯೋದಯಕ್ಕೆ ಹೊರಟವರು ಮಧ್ಯಾಹ್ನದೊಳಗೆ ಬೇಲೂರನ್ನು ಸೇರಿ, ಹಳೇಬೀಡನ್ನು ನೋಡಿ, ಹಾಸನದಲ್ಲಿ ರಾತ್ರಿ ಕಳೆದು ಮರುದಿನ ನೌಕೆಗೆ ಹಿಂದಿರುಗಬಹುದು. ನಮ್ಮ ಜಿಲ್ಲಾಧಿಕಾರಿಗಳು ಬಂದರಿನ ಪ್ರಾಧಿಕಾರದವರಿಗೆ ಈ ವಿಷಯವಾಗಿ ಪತ್ರ ಬರೆಯಬೇಕೆಂದು ಕೋರುತ್ತೇವೆ.