ಹೂವಿಗಿಂತ ನೆರಳು ಮೊದಲು

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಊಟದ ಹೊತ್ತಿಗೆ ಕಾರ್ಮಿಕರು ಡಬ್ಬಿ ಹಿಡಿದು ಎಲ್ಲಿ ಕೂರುತ್ತಾರೆ ನೋಡಿ. ಗೇಟಿನುದ್ದಕ್ಕೂ ನೆಟ್ಟ ಕಂಬದ ಅಶೋಕದ ಬಳಿ ಯಾರೂ ಸುಳಿಯುವುದಿಲ್ಲ. ಕೊಂಬೆಗಳೆಲ್ಲ ಕಾಂಡಕ್ಕೇ ಒತ್ತಿ ಜೋತುಬಿದ್ದ ಆ ಮರ ಸೂರ್ಯ ನೆತ್ತಿಗೇರಿದಾಗ ಒಬ್ಬರಿಗೂ ನೆರಳಾಗದು. ಪಕ್ಕದಲ್ಲೊಂದು ಹೊಂಗೆಯಿದ್ದರೆ ಊಟದವರು, ಎಳನೀರಿನವರು, ಆಟೋದವರು ಎಲ್ಲರೂ ಅದರಡಿ.

ನಗರದ ಹೊರವಲಯಕ್ಕೆ ನೆರಳಿನ ಮರ ಹೊಸದಲ್ಲ. 1970ರ ದಶಕದ ಕೊನೆಯಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕನಸಿನಂತೆ ಎಲೆಕ್ಟ್ರಾನಿಕ್ ಸಿಟಿಗೆಂದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ 332 ಎಕರೆ ಹಿಡಿದಾಗ ಸುತ್ತಲಿದ್ದದ್ದು ರಾಗಿಹೊಲದ ಸೀಮೆ. ಇಂಥ ಊರುಗಳ ಅಂಚಿನಲ್ಲಿ ಗುಂಡುತೋಪು ಇರುತ್ತಿತ್ತು: ಹುಣಸೆ, ನೇರಳೆ, ಮಾವು, ಹಲಸು, ಹೊಂಗೆ. ದನಕ್ಕೂ ದಾರಿಹೋಕರಿಗೂ ಅದೇ ತಂಗುದಾಣ. ಎಷ್ಟೋ ತೋಪುಗಳು ಈಗ ಬಡಾವಣೆಗಳಾಗಿವೆ.

ನನ್ನನ್ನು ಕೇಳಿದರೆ ಇಲ್ಲಿನ ಬೀದಿಗೆ ಹೊಂಗೆಯೇ ಮೊದಲ ಆಯ್ಕೆ. ಯುಗಾದಿಯ ಹಿಂದುಮುಂದೆ ಎಲೆ ಉದುರಿಸುತ್ತದೆ, ಆದರೆ ಬಿಸಿಲು ಬಲಿಯುವ ಮುನ್ನವೇ ಚಿಗುರಿ ಮತ್ತೆ ದಟ್ಟವಾಗುತ್ತದೆ. ಆಗಿನ ಆ ಎಳೆಹಸಿರು ಎಣ್ಣೆ ಸವರಿದಂತೆ ಮಿರುಗುತ್ತದೆ. ಬೆನ್ನಿಗೇ ನಸುನೇರಳೆ ಹೂಗೊಂಚಲು, ಜೇನ್ನೊಣಗಳ ಮೊರೆತ. ಬೆಳಗಾದರೆ ಮರದಡಿಯ ನೆಲ ಅರಳು ಚೆಲ್ಲಿದಂತೆ. ಚಪ್ಪಟೆ ಕಾಯೊಳಗೆ ಸಾಮಾನ್ಯವಾಗಿ ಒಂದೇ ಬೀಜ. ಅದರ ಎಣ್ಣೆ ಹಿಂದೆ ಹಳ್ಳಿಯ ದೀಪಕ್ಕೆ, ಈಗ ಜೈವಿಕ ಇಂಧನಕ್ಕೆ. ಹಿಂಡಿ ಮತ್ತು ಸೊಪ್ಪು ಹೊಲಕ್ಕೆ ಗೊಬ್ಬರ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಒಮ್ಮೆ ಬೇರೂರಿದರೆ ಬರಕ್ಕೂ ಅಂಜದು. ಎಲೆಗಳ ಮೇಲೆ ಗಂಟು ಏಳುವುದುಂಟು. ಅದನ್ನು ಕಂಡು ರೋಗವೆಂದು ಮರ ಕಡಿಸುವವರನ್ನು ನೋಡಿದರೆ ಸಂಕಟವಾಗುತ್ತದೆ. ಮರಕ್ಕೆ ಅದರಿಂದ ದೊಡ್ಡ ಅಪಾಯವಿಲ್ಲ.

ಮಳೆಮರದ ಕೊಡೆ ಇದಕ್ಕಿಂತ ಬಹಳ ಅಗಲ. ಸಂಜೆಯಾದರೆ ಎಲೆ ಮಡಚಿಕೊಳ್ಳುವ, ದನಗಳಿಗೆ ಸಿಹಿಕಾಯಿ ಉದುರಿಸುವ ಆ ಮರಕ್ಕೆ ಕ್ಯಾಂಪಸ್ಸಿನ ಬಯಲೇ ಸರಿ. ಇಕ್ಕಟ್ಟಿನ ರಸ್ತೆಯಲ್ಲಿ ಮುಂಗಾರುಪೂರ್ವ ಗಾಳಿಗೆ ಅದರ ಕೊಂಬೆಗಳು ಅಪಾಯ. ಗುಲ್‌ಮೊಹರ್‌ನದೂ ಅದೇ ಕಥೆ. ವೈಟ್‌ಫೀಲ್ಡ್ ಕಡೆಯವರು ಫೋಟೊ ತೆಗೆದು ಹಂಚಿಕೊಳ್ಳುವ ಗುಲಾಬಿ ತಬೇಬುಯಾ ಕಣ್ಣಿಗೆ ಹಬ್ಬವೇ. ಆದರೆ ಅದು ಎಲೆ ಕಳೆದುಕೊಂಡು ಹೂಬಿಡುವ ಮರ, ಬಿಸಿಲೇರುವ ದಿನಗಳಲ್ಲೇ ಬೋಳು. ಗಾಜಿನ ಕಟ್ಟಡಗಳ ಮುಂದಿನ ತಾಳೆಗಳ ನೆರಳಿನ ಮಾತನ್ನು ಆಡದಿರುವುದೇ ಲೇಸು.

ನೆರಳಿನ ಬೆಲೆಯನ್ನು ಅಳೆದವರಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ, ಡಾಂಬರಿನ ಬಿಸಿ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಎ.ಸಿ. ಕ್ಯಾಬಿನಲ್ಲಿ ಓಡಾಡುವವರಿಗೆ ಇದು ಬರೀ ಅಂಕಿ. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೌಸ್‌ಕೀಪಿಂಗ್ ಹೆಂಗಸರಿಗೆ, ಬೈಕ್ ನಿಲ್ಲಿಸಿ ಮುಂದಿನ ಆರ್ಡರ್‌ಗೆ ಕಾಯುವ ಹುಡುಗರಿಗೆ ಅದು ಮೈಯ ಅನುಭವ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಹೊರವಲಯಕ್ಕೂ ಅಂಥ ಹಟ ಬೇಕು. ಕಂಪನಿಗಳು ಜೂನ್‌ನಲ್ಲಿ ಪರಿಸರ ದಿನದ ಗಿಡವನ್ನು ಕಾಂಪೌಂಡಿನ ಒಳಗಲ್ಲ, ಹೊರಗಿನ ಬಸ್ ನಿಲ್ದಾಣದ ಬಳಿ ನೆಡಲಿ. ಆಳೆತ್ತರದ ಹೊಂಗೆಯನ್ನೇ ತರಲಿ, ಮೊದಲ ಎರಡು ಬೇಸಿಗೆ ನೀರು ಹಾಕಿಸಲಿ. ಫುಟ್‌ಪಾತ್ ಕಟ್ಟುವವರು ಬುಡದ ಸುತ್ತ ಮೂರಡಿಯಾದರೂ ಮಣ್ಣು ಬಿಡಲಿ.