ಪದೇ ಪದೇ ಹೋಗುವ ಫ್ಯೂಸ್‌ಗೆ ದಪ್ಪ ತಂತಿ ಕಟ್ಟಬೇಡಿ

ಕುದುರೆಮುಖದ ಮಗ್ಗುಲಲ್ಲಿ ಜೂನ್ ಹಿಡಿದರೆ ಸೌದೆ ಒಣಗುವುದಿಲ್ಲ. ಬಚ್ಚಲ ಹಂಡೆಯ ಕೆಲಸ ಈಗ ಹಲವು ಮನೆಗಳಲ್ಲಿ ಕರೆಂಟಿಗೆ ಬಿದ್ದಿದೆ. ಕಳಸ, ಸಂಸೆ, ಹೊರನಾಡಿನ ಸುತ್ತ ಪ್ರವಾಸಿಗರನ್ನು ಇಳಿಸಿಕೊಳ್ಳುವ ಮನೆಗಳಿಗಂತೂ ದೊಡ್ಡ ಹೀಟರ್ ಬೇಕೇ ಬೇಕು. ಅದರ ಫ್ಯೂಸ್ ವಾರಕ್ಕೆರಡು ಸಲ ಹೋಗತೊಡಗಿದಾಗ ಯಾರೋ ಒಬ್ಬರು ದಪ್ಪ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಮುಂದಿನ ಅನಾಹುತಕ್ಕೆ ದಾರಿ ತೆರೆಯುವುದು ಅಲ್ಲಿಂದಲೇ.

ಲೆಕ್ಕ ನೋಡಿ. 9 ಕಿಲೋವ್ಯಾಟ್‌ನ ತ್ರೀ ಫೇಸ್ ಹೀಟರ್ ಎಂದರೆ ಫೇಸ್‌ಗೆ 3 ಕಿಲೋವ್ಯಾಟ್‌ನ ಒಂದೊಂದು ಕಾಯಿಲ್. 230 ವೋಲ್ಟ್‌ನಲ್ಲಿ ಪ್ರತಿಯೊಂದೂ ಸುಮಾರು 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಫ್ಯೂಸ್ ಇದನ್ನು ಸಲೀಸಾಗಿ ಹೊರಬೇಕು. 1 ಮಿ.ಮೀ. ದಪ್ಪದ ತಾಮ್ರದ ತಂತಿಯಾದರೋ ಸುಮಾರು 80 ಆಂಪಿಯರ್ ಹರಿಯುವತನಕ ಕರಗುವುದಿಲ್ಲ. ಅಷ್ಟರಲ್ಲಿ ಗೋಡೆಯೊಳಗಿನ ವೈರಿನ ಪಿವಿಸಿ ಹೊದಿಕೆ ಸುಡಲಾರಂಭಿಸುತ್ತದೆ. ಸಾಮಾನ್ಯ ಪಿವಿಸಿಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಹಳೆಯ ಮನೆಯ ಮರದ ಅಟ್ಟದಲ್ಲಿ ಹಾದ ವೈರಾದರೆ ಮುಂದಿನದು ಹೇಳಬೇಕಿಲ್ಲ.

'ವೋಲ್ಟೇಜ್ ಕಮ್ಮಿ, ಅದಕ್ಕೇ ಫ್ಯೂಸ್ ಹೋಗ್ತದೆ' ಎಂಬ ಮಾತು ತೋಟದ ಪಂಪಿನ ಮೋಟರಿಗೆ ಒಪ್ಪುತ್ತದೆ, ಹೀಟರಿಗೆ ಒಪ್ಪುವುದಿಲ್ಲ. ವೋಲ್ಟೇಜ್ ಇಳಿದರೆ ಕಾಯಿಲ್ ಎಳೆಯುವ ಕರೆಂಟೂ ಇಳಿಯುತ್ತದೆ. ಹೀಟರಿಗೆ ಅಪಾಯ ಏರುವ ವೋಲ್ಟೇಜಿನಿಂದ. ಗಾಳಿಮಳೆಗೆ ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟ್‌ವರೆಗೂ ನುಗ್ಗಬಹುದು.

ಕಾರಣವನ್ನು ಫ್ಯೂಸೇ ತೋರಿಸುತ್ತದೆ. ಸ್ವಿಚ್ ಹಾಕಿದ ಕ್ಷಣವೇ ಸಿಡಿದು ಪಿಂಗಾಣಿ ಕಪ್ಪಾದರೆ ಅದು ಶಾರ್ಟ್. ಕಾಯಿಲ್‌ನ ಕೊಳವೆ ಬಿರಿದು ನೀರು ಒಳಸೇರಿರಬಹುದು. ಅರ್ಧ ಗಂಟೆ ಉರಿದ ಮೇಲೆ, ತಂತಿ ಸ್ಕ್ರೂ ಪಕ್ಕದಲ್ಲೇ ಕರಗಿದ್ದರೆ ಅಲ್ಲಿ ಹಿಡಿತ ಸಡಿಲ. ಸಡಿಲ ಜೋಡಣೆಯಲ್ಲಿ ಬರೀ 0.1 ಓಮ್ ತಡೆಯಿದ್ದರೂ 13 ಆಂಪಿಯರ್‌ಗೆ 17 ವ್ಯಾಟ್ ಶಾಖ ಹುಟ್ಟುತ್ತದೆ. ಅದು ಸಣ್ಣ ಬೆಸುಗೆ ಕಡ್ಡಿಯ ಶಾಖಕ್ಕೆ ಹತ್ತಿರ. ಸದಾ ಒಂದೇ ಫೇಸ್‌ನ ಫ್ಯೂಸ್ ಹೋಗುತ್ತಿದ್ದರೆ ದೋಷ ಆ ದಾರಿಯಲ್ಲೇ ಇದೆ. ತಣ್ಣಗಿರುವ, ಸರಿಯಾದ 3 ಕಿಲೋವ್ಯಾಟ್ ಕಾಯಿಲ್ ಮೀಟರಿನಲ್ಲಿ 17–18 ಓಮ್ ತೋರಿಸಬೇಕು; ಕಾಯಿಲಿಗೂ ಅದರ ಹೊರಕವಚಕ್ಕೂ ನಡುವಿನ ತಡೆ, ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ 1 ಮೆಗಾಓಮ್‌ಗಿಂತ ಕೆಳಗಿಳಿಯಬಾರದು.

ಇದಕ್ಕಿಂತ ಘೋರವಾದ ಅಪಾಯ ಸದ್ದಿಲ್ಲದೆ ಬರುತ್ತದೆ. ಗುಡ್ಡದ ಕಲ್ಲುನೆಲದಲ್ಲಿ ಅರ್ತ್ ಗುಂಡಿಯ ತಡೆ 20 ಓಮ್ ಇದೆಯೆನ್ನಿ. ಕಾಯಿಲಿನಿಂದ ಕರೆಂಟ್ ಹೀಟರಿನ ಮೈಗೆ ಹರಿದರೂ ಭೂಮಿಗೆ ಇಳಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರ್ ಫ್ಯೂಸ್ ಹೋಗುವುದೇ ಇಲ್ಲ. ನಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದ್ದರೆ ಮಾತ್ರ ಜೀವ ಉಳಿದೀತು.

ಮಳೆ ಹಿಡಿಯುವ ಮೊದಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮೇನ್ ಆಫ್ ಮಾಡಿಸಿ, ಫ್ಯೂಸ್ ಬಿಚ್ಚಿಸಿ ನೋಡಿ. ತಾಮ್ರದ ದಪ್ಪ ತಂತಿ ಕಂಡರೆ, ಕಾರಣ ಸಿಕ್ಕಿ ದುರಸ್ತಿಯಾಗುವತನಕ ಆ ಹೀಟರಿಗೆ ಸ್ವಿಚ್ ಹಾಕಬೇಡಿ.