ಬಾಳನ್ನು ಅಳೆಯತಕ್ಕವರು ಯಾರು?

ಸ್ನಾಯುಗಳ ಬಲವನ್ನು ವರ್ಷದಿಂದ ವರ್ಷಕ್ಕೆ ಕುಂದಿಸುವ ರೋಗಗಳು ಹಲವಿವೆ. ಡ್ಯೂಷೆನ್ ಎಂಬ ಫ್ರೆಂಚ್ ವೈದ್ಯನು 1860ರ ದಶಕದಲ್ಲಿ ವಿವರಿಸಿದ ಸ್ನಾಯುಕ್ಷಯವು ಅವುಗಳಲ್ಲೊಂದು. ಅದು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುತ್ತದೆ. ನೆಲದಿಂದೇಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದ ಹುಡುಗನು ಸಾಮಾನ್ಯವಾಗಿ ಹದಿಹರೆಯದ ಹೊಸ್ತಿಲಲ್ಲಿಯೇ ಗಾಲಿಕುರ್ಚಿಯನ್ನು ಆಶ್ರಯಿಸುತ್ತಾನೆ. ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲವಾದರೂ ಸ್ಟೀರಾಯ್ಡುಗಳಿಂದಲೂ ಉಸಿರಾಟದ ಯಂತ್ರಗಳಿಂದಲೂ ಆಯುಸ್ಸು ಹೆಚ್ಚಿದೆ. ಹೀಗೆ ಹೆಚ್ಚಿದ ಆಯುಸ್ಸು ಎಂತಹ ಬಾಳಾಗಿದೆ, ಅದನ್ನು ಅಳೆಯುವುದೆಂತು ಎಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದುದಲ್ಲವೆಂದು ನಾವು ತಿಳಿಯುತ್ತೇವೆ.

ನಮ್ಮ ಕಚೇರಿಗಳಿಗೆ ಪರಿಚಿತವಾದ ಅಳತೆಯೆಂದರೆ ಶೇಕಡಾ ಲೆಕ್ಕ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ನಾಯುಕ್ಷಯವನ್ನು 21 ಬಗೆಯ ವೈಕಲ್ಯಗಳಲ್ಲಿ ಎಣಿಸಿದೆ. ಶೇಕಡಾ 40ಕ್ಕೆ ಕಡಮೆಯಿಲ್ಲವೆಂಬ ಪ್ರಮಾಣಪತ್ರವಿದ್ದವರಿಗೆ ಹಲವು ಸೌಲಭ್ಯಗಳುಂಟು. ಕಚೇರಿಗೆ ಒಂದು ಅಂಕಿಯು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಅಂಗದ ಬಲವನ್ನು ಹೇಳೀತೇ ಹೊರತು ಬಾಳನ್ನು ಹೇಳದು.

ವೈದ್ಯಲೋಕದ ಅಳತೆಗೋಲುಗಳೂ ಬಹುಕಾಲ ಇದೇ ದೋಷಕ್ಕೆ ಒಳಗಾಗಿದ್ದುವು. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಲೋಕದಲ್ಲೆಲ್ಲಾ ಹಬ್ಬಿರುವ ಎಸ್.ಎಫ್.-36 ಎಂಬ 36 ಪ್ರಶ್ನೆಗಳ ಪಟ್ಟಿಯು, ಓಡಬಲ್ಲಿರಾ, ಒಂದು ಮೈಲಿ ನಡೆಯಬಲ್ಲಿರಾ, ಮಹಡಿಯನ್ನು ಹತ್ತಬಲ್ಲಿರಾ ಎಂದು ಕೇಳುತ್ತದೆ. ಮಿತವಾದ ಶ್ರಮಕ್ಕೆ ಗಾಲ್ಫ್ ಆಟವನ್ನು ಉದಾಹರಿಸುತ್ತದೆ! ನಮ್ಮ ಹಳ್ಳಿಯ ರೈತನ ಮಗನಿಗೆ ಈ ಪ್ರಶ್ನೆಯನ್ನು ಹಾಕುವವನು ಮುಖವನ್ನು ಗಂಭೀರವಾಗಿರಿಸಿಕೊಳ್ಳುವುದು ಕಷ್ಟವೇ ಸರಿ. ನಗೆಯ ಮಾತಿರಲಿ, ಗಾಲಿಕುರ್ಚಿಯಲ್ಲಿರುವವನಿಗೆ ಈ ಭಾಗದಲ್ಲಿ ಸೊನ್ನೆಯೋ ಅದರ ನೆರೆಯ ಅಂಕಿಯೋ ಬರುತ್ತದೆ. ಮುಂದೆ ಅವನ ಕೈಬೆರಳುಗಳ ಶಕ್ತಿಯು ಉಳಿದರೂ ಅಳಿದರೂ ಆ ಅಂಕಿಯು ಕದಲದು. ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆದನೆಂದು ಅಳೆಯುವ ಪರೀಕ್ಷೆಗಂತೂ ನಡೆಯಲಾರದವನು ಲೆಕ್ಕಕ್ಕೇ ಇಲ್ಲ.

ಈ ಕೊರತೆಯನ್ನರಿತು ಇಂಗ್ಲೆಂಡಿನ ವೈದ್ಯರು 2007ರಲ್ಲಿ ಸ್ನಾಯುರೋಗಿಗಳಿಗೆಂದೇ 45 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಬಲಹೀನತೆ, ನೋವು, ಆಯಾಸಗಳೊಡನೆ ಸ್ವಾತಂತ್ರ್ಯ, ಸ್ನೇಹಸಂಬಂಧ, ಮನಸ್ಸಿನ ಸ್ಥಿತಿ ಇವುಗಳನ್ನೂ ಅದು ವಿಚಾರಿಸುತ್ತದೆ. ತೊಂದರೆಯು ಎಷ್ಟೆಂದು ಕೇಳಿ ನಿಲ್ಲದೆ, ಅದು ನಿಮಗೆ ಎಷ್ಟು ಮುಖ್ಯವೆಂದೂ ಕೇಳುತ್ತದೆ. ಈ ಎರಡನೆಯ ಪ್ರಶ್ನೆಯೇ ನಮಗೆ ಮೆಚ್ಚುಗೆಯಾದುದು.

ರೋಗಿಯನ್ನೇ ಏಕೆ ಕೇಳಬೇಕು, ವೈದ್ಯನ ಅಂದಾಜು ಸಾಲದೆ ಎನ್ನುವವರಿಗೆ 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಿಶೀಲನೆಯೇ ಉತ್ತರ. ಉಸಿರಾಟದ ಯಂತ್ರವನ್ನವಲಂಬಿಸಿದ್ದ ಡ್ಯೂಷೆನ್ ರೋಗಿಗಳು ತಮ್ಮ ಬಾಳಿನಲ್ಲಿ ಕಂಡ ತೃಪ್ತಿಯನ್ನು ಚಿಕಿತ್ಸಕವರ್ಗದವರು ಬಹಳ ಕಡಮೆಯಾಗಿ ಊಹಿಸಿದ್ದರು. ತಾಯಿತಂದೆಗಳ ಅಂದಾಜು ಕೂಡ ಮಕ್ಕಳ ಸ್ವಂತ ಮಾತಿಗಿಂತ ಕೆಳಗಿರುವುದುಂಟು. ಇದು ಬರಿಯ ಕುತೂಹಲದ ಸಂಗತಿಯಲ್ಲ. "ಇಂತಹ ಬಾಳಿಗೆ ಯಂತ್ರವೇತಕ್ಕೆ" ಎಂದು ಹಾಸಿಗೆಯ ಪಕ್ಕದಲ್ಲಿ ನಿಂತವರು ಭಾವಿಸಿದರೆ ಒಂದು ಜೀವವೇ ಹೋದೀತು.

ರೋಗಿಯು ತೃಪ್ತನಾಗಿದ್ದಾನೆ, ಆದುದರಿಂದ ನೆರವು ಬೇಡವೆಂದು ವಾದಿಸುವ ಜಾಣರೂ ಹುಟ್ಟಿಯಾರು. ಆ ತೃಪ್ತಿಯು ಅನೇಕ ವೇಳೆ ಎತ್ತಿ ಕೂರಿಸುವ ತಾಯಿಯ ತೋಳುಗಳ ಮೇಲೆಯೂ, ಇಳಿಜಾರು ಕಟ್ಟಿಸಿದ ಶಾಲೆಯ ಮೇಲೆಯೂ ನಿಂತಿರುತ್ತದೆಂಬುದನ್ನು ಅವರು ಮರೆಯಬಾರದು.

ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯು 2021ರಲ್ಲಿ ಬಂದಿತು. ನೆರವಿನ ಮಿತಿಯು ಮರುವರ್ಷ 50 ಲಕ್ಷ ರೂಪಾಯಿಗಳಿಗೇರಿತು. ಇಷ್ಟು ಹಣದ ಫಲವನ್ನು ಪರೀಕ್ಷಿಸುವ ಅಧಿಕಾರಿಗಳು ರೋಗಿಯ ಸ್ವಂತ ಉತ್ತರವನ್ನೂ ಕಡತಕ್ಕೆ ಸೇರಿಸಿಕೊಳ್ಳಲಿ. ಯಾವ ಪಟ್ಟಿಯನ್ನು ಕನ್ನಡಕ್ಕೆ ತಂದರೂ ಗಾಲ್ಫನ್ನು ಬಿಟ್ಟು, ಪಂಕ್ತಿಯಲ್ಲಿ ನೆಲದ ಮೇಲೆ ಕೂರುವುದನ್ನೂ ಬಸ್ಸಿನ ಮೆಟ್ಟಿಲನ್ನೂ ಕುರಿತು ಕೇಳಲಿ. ಆ ಪ್ರಶ್ನೆಗಳನ್ನು ರಚಿಸುವ ಸಭೆಗೆ ಒಂದೆರಡು ಗಾಲಿಕುರ್ಚಿಗಳು ಬರುವಂತೆ ಬಾಗಿಲನ್ನು ಅಗಲಿಸಲಿ.